ತುಟಿಯಲ್ಲಿ ಕಚ್ಚಿದ ಗುಂಡುಸೂಜಿ

ಅವರ ಬಾಯಲ್ಲಿ ಯಾವಾಗಲೂ ಗುಂಡುಸೂಜಿಗಳಿರುತ್ತಿದ್ದವು. ತುಟಿಯ ಎಡಮೂಲೆಯಲ್ಲಿ ನಾಲ್ಕೈದು ಸೂಜಿ ಕಚ್ಚಿಕೊಂಡು ಬಲಮೂಲೆಯಿಂದ ಮಾತಾಡುತ್ತಿದ್ದರು. ಹೊಸಬರಿಗೆ ಆ ಮಾತು ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ, ನಮಗೆ ಅಭ್ಯಾಸವಾಗಿತ್ತು. "ಉಸಿರು ಬಿಡಿ ಅಕ್ಕ, ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ಮದುವೆ ಮನೇಲಿ ಊಟ ಹೆಂಗೆ ಮಾಡ್ತೀರಾ?" ಎನ್ನುತ್ತ ಟೇಪು ಸುತ್ತುತ್ತಿದ್ದರು. ವಯಸ್ಸಿನಲ್ಲಿ ನಾನು ಅವರಿಗಿಂತ ಚಿಕ್ಕವಳು. ಆದರೂ ಅವರಿಗೆ ನಾನು ಅಕ್ಕ, ನನಗೆ ಅವರು ಟೈಲರಕ್ಕ.

ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಯಾರದೋ ಹಳೆಯ ಮನೆಯ ಕಾರು ಶೆಡ್ಡೇ ಅವರ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ನಿಲುವುಗನ್ನಡಿ, ಬಟ್ಟೆ ಬದಲಿಸಲು ಮೂಲೆಯಲ್ಲಿ ಹಳೇ ಸೀರೆಯ ಪರದೆ. ಮನೆ ಶ್ರೀರಾಂಪುರದಲ್ಲಿ. ಗಂಡ ತೀರಿಕೊಂಡಾಗ ಮಗಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಬಳೇಪೇಟೆಯಿಂದ ಲೈನಿಂಗ್ ಬಟ್ಟೆ, ಹುಕ್ಕು, ದಾರ ತಂದು ಬ್ಲೌಸ್ ಹೊಲಿದೇ ಆಕೆಯನ್ನು ಓದಿಸಿದರು.

ಯಾರ ಬ್ಲೌಸೇ ಆಗಲಿ, ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುವುದು ಅವರ ಪದ್ಧತಿ. ಮುಂದೆ ಬಿಗಿಯಾದರೆ ಒಂದು ಹೊಲಿಗೆ ಬಿಚ್ಚಿಕೊಂಡರಾಯಿತು. "ನಾನು ದಪ್ಪ ಆಗ್ತೀನಿ ಅಂತ ನಿಮಗ್ಯಾಕೆ ಅಷ್ಟು ಗ್ಯಾರಂಟಿ?" ಎಂದು ಒಮ್ಮೆ ರೇಗಿದ್ದೆ. "ಬ್ಯಾಂಕಿನ ಕೆಲಸ ಅಲ್ವಾ ಅಕ್ಕ, ಕೂತೇ ಇರ್ತೀರಾ" ಎಂದು ನಕ್ಕಿದ್ದರು. ಆಗಿದ್ದೂ ಹಾಗೆಯೇ.

ಕೊರೋನಾ ಮುಗಿದು ಜನ ಮತ್ತೆ ಮದುವೆಗಳಿಗೆ ಬ್ಲೌಸ್ ಹೊಲಿಸತೊಡಗಿದ್ದ ಕಾಲ. ಒಂದು ದಿನ ನಾನು ಪರದೆಯ ಹಿಂದೆ ಬಟ್ಟೆ ಬದಲಿಸುತ್ತಿದ್ದಾಗ ಆಚೆಯಿಂದ ಅವರ ದನಿ ಕೇಳಿತು. "ಅಕ್ಕ, ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು. ಈಗ ಮತ್ತೆ ರಕ್ತ ಹೋಗ್ತಿದೆ." ಮುಖ ನೋಡಿಕೊಂಡು ಹೇಳಲಾಗದ ಮಾತನ್ನು ಪರದೆಗೆ ಹೇಳಿದ್ದರು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಒಂದು ವೈರಸ್ಸಿನಿಂದ ಬರುವಂಥದ್ದು ಎಂದು ನರ್ಸ್ ಹೇಳಿದರು.

ಆ ಒಂದು ಪದ ನಮಗಿಂತ ಮೊದಲೇ ಬೀದಿ ಸೇರಿತ್ತು. ವೈರಸ್ ಎಂದರೆ ನಮ್ಮ ಜನಕ್ಕೆ ಆಗ ಗೊತ್ತಿದ್ದುದು ಒಂದೇ. ಹಿಂದಿನ ರಸ್ತೆಯ ಆಂಟಿಯೊಬ್ಬರು, ಟೈಲರಕ್ಕನ ಬಾಯಲ್ಲಿದ್ದ ಸೂಜಿ ಚುಚ್ಚಿದ ಬಟ್ಟೆ ಎಂದು ಹೆದರಿ, ಲಾಕ್‌ಡೌನಿನಲ್ಲಿ ತರಕಾರಿ ತೊಳೆದ ಹಾಗೆಯೇ ಹೊಸ ರೇಷ್ಮೆ ಬ್ಲೌಸನ್ನು ಬಿಸಿ ಅರಿಶಿನದ ನೀರಿನಲ್ಲಿ ಅದ್ದಿಟ್ಟರು. ಬಿಳಿ ಬ್ಲೌಸು ಹಳದಿಯಾಗಿ ಮುದುಡಿಕೊಂಡಿತು. ಸರಿಮಾಡಿಕೊಡಿ ಎಂದು ಮತ್ತೆ ಇವರ ಹತ್ತಿರವೇ ಬರಬೇಕಾಯಿತು! ಟೈಲರಕ್ಕ ಅದನ್ನು ಎತ್ತಿ ಹಿಡಿದು ನೋಡಿ, "ಏನಮ್ಮಾ ಇದು, ಬ್ಲೌಸಿಗೂ ಅರಿಶಿನ ಶಾಸ್ತ್ರ ಮಾಡಿಸ್ಬಿಟ್ರಾ?" ಎಂದರು. ಅಲ್ಲಿದ್ದವರೆಲ್ಲ ನಕ್ಕೆವು. ಆದರೆ ಅವತ್ತಿನಿಂದ ಅವರು ಸೂಜಿಯನ್ನು ಬಾಯಿಗಿಡುವುದು ಬಿಟ್ಟರು. ಒಂದು ಸ್ಟೀಲ್ ಬಟ್ಟಲಲ್ಲಿಟ್ಟುಕೊಂಡು ಒಂದೊಂದಾಗಿ ತಡಕಾಡುತ್ತಿದ್ದರು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಫೋನಿನಲ್ಲಿ ಓದಿಕೊಂಡವರು, ಇದು ಉಸಿರಿನಿಂದಲ್ಲ, ಗಂಡು ಹೆಣ್ಣಿನ ಸಂಬಂಧದಿಂದ ಬರುವಂಥದ್ದು ಎಂದು ಪತ್ತೆ ಮಾಡಿದರು. "ಗಂಡ ಹೋಗಿ ಅಷ್ಟು ವರ್ಷ ಆಯ್ತಲ್ಲ, ಈಗ ಎಲ್ಲಿಂದ ಬಂತಂತೆ?" ಎಂಬ ಪಿಸುಮಾತು ಶ್ರೀರಾಂಪುರದ ಮನೆಯ ಬಾಗಿಲಿಗೂ ಹೋಯಿತು. ಗಿರಾಕಿಗಳು ಕಡಿಮೆಯಾದದ್ದಕ್ಕೆ ಟೈಲರಕ್ಕ ಕೊರಗಲಿಲ್ಲ. "ಮಗಳು ಒಂದ್ಮಾತೂ ಕೇಳ್ಲಿಲ್ಲ ಅಕ್ಕ. ಕೇಳಿದ್ರೆ ಹೇಳ್ತಿದ್ದೆ. ಅಡುಗೆ ಮಾಡ್ತಾಳೆ, ಮಾತ್ರೆ ಕೊಡ್ತಾಳೆ, ಮುಖ ಮಾತ್ರ ನೋಡಲ್ಲ" ಎಂದರು. ಸಾಯುವುದಕ್ಕಿಂತ ಅವರಿಗೆ ಅದೇ ದೊಡ್ಡ ಭಯವಾಗಿತ್ತು.

ಮುಂದಿನ ಸಲ ಡಾಕ್ಟರ ಎದುರು ಕೂತಾಗ, ಟೈಲರಕ್ಕ ನೇರವಾಗಿಯೇ ಕೇಳಿದರು. "ಡಾಕ್ಟ್ರೆ, ನಾನು ಯಾವ ತಪ್ಪೂ ಮಾಡಿಲ್ಲ. ಇದು ನನಗೆ ಹೆಂಗೆ ಬಂತು?"

ಡಾಕ್ಟರು ವಯಸ್ಸಾದ ಹೆಂಗಸು. ಪೆನ್ನು ಕೆಳಗಿಟ್ಟರು. "ತಪ್ಪಿನ ಮಾತೇ ಇಲ್ಲಮ್ಮ ಇಲ್ಲಿ. ತುಂಬಾ ಸಾಮಾನ್ಯವಾದ ವೈರಸ್ಸು ಇದು. ಸಂಸಾರ ಮಾಡಿದೋರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಯಾವತ್ತೋ ಒಂದ್ಸಲ ತಗಲಿರುತ್ತೆ. ಗಂಡಸರಿಗೂ ಅಷ್ಟೇ. ಹೆಚ್ಚಿನೋರಿಗೆ ಗೊತ್ತೇ ಆಗದೆ ತಾನಾಗೇ ಹೋಗ್ಬಿಡುತ್ತೆ. ಕೆಲವರಲ್ಲಿ ಮಾತ್ರ ಒಳಗೇ ಉಳ್ಕೊಂಡು, ಎಷ್ಟೋ ವರ್ಷ ಸುಮ್ನಿದ್ದು, ಆಮೇಲೆ ಹೀಗ್ಮಾಡುತ್ತೆ. ಯಾವಾಗ ಬಂತು, ಯಾರಿಂದ ಬಂತು ಅಂತ ನಾನಲ್ಲ, ಯಾರೂ ಹೇಳಕ್ಕಾಗಲ್ಲ."

ಟೈಲರಕ್ಕ "ಡಾಕ್ಟ್ರೆ, ಅದನ್ನೇ ಇನ್ನೊಂದ್ಸಲ ಹೇಳ್ತೀರಾ? ನನ್ ಮಗಳು ಹೊರಗೆ ಕೂತಿದಾಳೆ, ಕರೀತೀನಿ" ಎಂದು ಎದ್ದರು. ಮಗಳು ಬಂದು ಗೋಡೆಗೆ ಒರಗಿ ನಿಂತಳು. ಹೊರಗೆ ರೋಗಿಗಳ ಸಾಲೇ ಇದ್ದರೂ ಡಾಕ್ಟರು ಮೊದಲಿಂದ ಕೊನೆಯವರೆಗೆ ಮತ್ತೆ ಹೇಳಿದರು. ಹೊರಬಂದ ಮೇಲೆ ಮಗಳು ಅಮ್ಮನ ಕೈಯಿಂದ ಬ್ಯಾಗು ತೆಗೆದುಕೊಂಡಳು. "ಬಾಮ್ಮಾ, ಬಿಸಿಯಾಗಿ ಏನಾದ್ರೂ ತಿನ್ನು" ಎಂದು ಅವರ ಮುಖ ನೋಡಿ ಹೇಳಿದಳು. ಅವರಿಬ್ಬರೂ ಅಳಲಿಲ್ಲ, ನನಗೇ ಕಣ್ಣು ತುಂಬಿತು.

ಮರುವಾರ ಅಂಗಡಿಗೆ ಹೋದರೆ ಸೂಜಿಗಳು ಮತ್ತೆ ತುಟಿಗೆ ಬಂದಿದ್ದವು. ಚಿಕಿತ್ಸೆಯಿಂದ ಸುಸ್ತಾಗಿದ್ದರೂ ಮಿಷನ್ನಿನ ಮುಂದೆ ಕೂರುತ್ತಿದ್ದರು. ಬಂದವರಿಗೆಲ್ಲ ಅದೇ ಪಾಠ. "ಎಲ್ಲರಿಗೂ ಬರೋದಂತೆ ಇದು. ನಿಮಗೂ ಬಂದಿರುತ್ತೆ, ನಿಮ್ಮೆಜಮಾನ್ರಿಗೂ ಬಂದಿರುತ್ತೆ. ನಾಚ್ಕೊಂಡು ಕೂರ್ಬೇಡಿ, ಹೋಗಿ ಟೆಸ್ಟ್ ಮಾಡಿಸ್ಕೊಳ್ಳಿ." ಯಜಮಾನರ ಹೆಸರೆತ್ತಿದೊಡನೆ ನಮ್ಮ ಮಲ್ಲೇಶ್ವರದ ಗೃಹಿಣಿಯರ ಮುಖ ನೋಡಬೇಕಿತ್ತು! ಆದರೆ ಮೈಮೇಲೆ ಅರ್ಧ ಹೊಲಿದ ಬ್ಲೌಸು, ಸುತ್ತಲೂ ಸೂಜಿ. ಎದ್ದು ಓಡುವ ಹಾಗಿರಲಿಲ್ಲ, ನಿಂತು ಕೇಳಲೇಬೇಕಿತ್ತು. ಹಾಗೆ ಕೇಳಿದವರಲ್ಲಿ ಎಷ್ಟು ಜನ ಹೋದರೋ ತಿಳಿಯದು. ನಾನು ಹೋದೆ.

ನನಗೂ ಆ ವೈರಸ್ಸಿತ್ತು. ಜೀವಕೋಶಗಳು ಬದಲಾಗತೊಡಗಿದ್ದವು, ಕ್ಯಾನ್ಸರ್ ಆಗಿರಲಿಲ್ಲ. ಒಂದು ಸಣ್ಣ ಚಿಕಿತ್ಸೆ ಮಾಡಿ ಅಂದೇ ಮನೆಗೆ ಕಳಿಸಿದರು. ಹೇಗೆ ಹೇಳುವುದೆಂದು ಅಳುಕುತ್ತಲೇ ಟೈಲರಕ್ಕನಿಗೆ ಹೇಳಿದೆ. ಅವರು ಬಾಯಿಂದ ಸೂಜಿಗಳನ್ನು ತೆಗೆದು ನನ್ನ ಕೈ ಹಿಡಿದರು. "ನಿಮ್ಮದಿನ್ನೂ ಕಚ್ಚಾ ಹೊಲಿಗೆ ಅಕ್ಕ, ಬಿಚ್ಚಿ ಸರಿ ಮಾಡ್ಬಹುದಿತ್ತು. ನಂದು ಕತ್ತರಿ ಹಾಕಾದ್ಮೇಲೆ ಗೊತ್ತಾಯ್ತು." ಅವರ ದನಿಯಲ್ಲಿ ಹೊಟ್ಟೆಕಿಚ್ಚಿನ ಸುಳಿವೂ ಇರಲಿಲ್ಲ. ನಾನಾಗಿದ್ದರೆ ಇರುತ್ತಿತ್ತು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವರು ಹೋದರು. ವೈಕುಂಠ ಸಮಾರಾಧನೆಯ ದಿನ ಶ್ರೀರಾಂಪುರದ ಆ ಓಣಿಯಲ್ಲಿ ಶಾಮಿಯಾನ ಹಾಕಿ ಊಟಕ್ಕೆ ಎಲೆ ಹಾಕಿದ್ದರು. ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ದೂರದ ನೆಂಟರಂತೆ, ಬಾಗಿ ನನ್ನ ಕಿವಿಯಲ್ಲಿ ಕೇಳಿದರು. "ಗಂಡ ಇಲ್ದೋಳಿಗೆ ಆ ಕಾಯಿಲೆ ಹೆಂಗ್ರೀ ಬಂತು?" ಎದುರಿಗೇ ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತಿದ್ದ ಮಗಳ ಕೈ ನಿಂತಿತು.

ಸಭೆಯಲ್ಲಿ ಬಾಯಿಬಿಡುವ ಅಭ್ಯಾಸ ನನಗಿಲ್ಲ. ಅವತ್ತು ನನ್ನ ದನಿ ಕೊನೆಯ ಎಲೆಯವರೆಗೂ ಕೇಳಿಸಿತು. "ನನಗೂ ಬಂದಿತ್ತು ಕಣ್ರೀ ಆ ವೈರಸ್ಸು. ನನ್ನ ಗಂಡ ಮನೇಲೇ ಇದಾರೆ. ಇಲ್ಲಿ ಊಟಕ್ಕೆ ಕೂತಿರೋರಲ್ಲಿ ಎಷ್ಟೋ ಜನಕ್ಕೆ ಬಂದು ಹೋಗಿರುತ್ತೆ, ನಿಮಗೂ ಬಂದಿರಬಹುದು. ನಾನು ಬದುಕಿ ಇಲ್ಲಿ ಕೂತಿರೋದು ಈ ಮನೆಯಾಕೆ ಹೇಳಿ ಕಳ್ಸಿದ್ದರಿಂದ."

ಪಕ್ಕದವರು ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಮಗಳು ನನ್ನ ಎಲೆಯ ಮುಂದೆ ಬಂದು ಬಗ್ಗಿದಳು.

"ಅಕ್ಕ, ಇನ್ನೊಂಚೂರು ಪಾಯಸ ಹಾಕ್ಲಾ?" ಎಂದಳು. ನಾನು ಹೂಂ ಎನ್ನುವ ಮೊದಲೇ ಎಲೆ ತುಂಬ ಸುರಿದಿದ್ದಳು.