ದೇಶದ ಚಿಂತೆಯೂ ಅಣ್ಣನ ಸಹಿಯೂ

ಆ ದಿನ ಊಟಕ್ಕೆ ಜುಣಕ ಇತ್ತೋ ಹೆಸರುಕಾಳಿನ ಪಲ್ಯ ಇತ್ತೋ, ಈಗ ಆಣೆ ಮಾಡಿ ಹೇಳಲಾರೆ. ಭಾನುವಾರ ಎಂಬುದು ಮಾತ್ರ ಹೆಚ್ಚುಕಡಿಮೆ ಖಾತ್ರಿ, ಏಕೆಂದರೆ ಬಾಗಲಕೋಟೆಯಿಂದ ಇಳಕಲ್ಲಿನ ಅಣ್ಣನ ಮನೆಗೆ ನಾನು ಹೋಗುವುದು ರಜೆಯ ದಿನವೇ. ದಿನಚರಿ ತೆರೆದು ನೋಡಿದರೆ ಅಲ್ಲಿ, ಬಿಸಿಲು ವಿಪರೀತ, ವೈನಿಯ ರೊಟ್ಟಿ ತೆಳ್ಳಗಿತ್ತು, ಎಂದಷ್ಟೇ ಬರೆದುಕೊಂಡಿದ್ದೇನೆ. ವೈನಿ ಎಂದರೆ ಅಣ್ಣನ ಹೆಂಡತಿ. ನಮ್ಮ ಮನೆತನದಲ್ಲಿ ಒಂದು ದೊಡ್ಡ ಮಾತು ಹುಟ್ಟಿದ ದಿನ ನಾನು ರೊಟ್ಟಿಯ ದಪ್ಪ ಅಳೆಯುತ್ತ ಕೂತಿದ್ದೆ. ಧಾರವಾಡಕ್ಕೆ ಹೋಗಿ ಇತಿಹಾಸ ಓದಿ ಬಂದವಳ ಹಣೆಬರಹ ಇದು. ಆದ್ದರಿಂದ ಮುಂದಿನ ಮಾತುಗಳು ಅಲ್ಲಿ ಇಲ್ಲಿ ಹಿಂದುಮುಂದಾಗಿದ್ದರೆ ಮನ್ನಿಸಿಬಿಡಿ. ತಿರುಳನ್ನಂತೂ ನಾನು ಕಟ್ಟಿ ಹೇಳುತ್ತಿಲ್ಲ.

ನಮ್ಮಣ್ಣನ ಕಸುಬು ಸೀರೆ ವ್ಯಾಪಾರ, ಹವ್ಯಾಸ ದೇಶದ ಚಿಂತೆ. ಊಟವಾಗಿ ಅಡಿಕೆ ಬಾಯಿಗೆ ಬಿದ್ದ ಮೇಲೆ ಎದುರುಮನೆಯ ಹಸನಸಾಬ್ ಕಾಕಾ ಬರುತ್ತಾರೆ. ಅವರು ಅಣ್ಣನ ಜೊತೆ ಸಾಲಿ ಕಲಿತ ಗೆಳೆಯ, ಕಬ್ಬಿಣದ ಸಾಮಾನಿನ ವ್ಯಾಪಾರಿ. ಅಣ್ಣನ ಮಗಳು ಕಾಕಾ ಎನ್ನುತ್ತಾಳೆಂದು ನಾವೆಲ್ಲ ಕಾಕಾ ಎನ್ನುತ್ತೇವೆ. ಚಹಾ ಬರುತ್ತದೆ, ದೇಶವೂ ಬರುತ್ತದೆ. ಈಗಿನ ಹುಡುಗರು ಪೇಪರು ಮುಟ್ಟುವುದಿಲ್ಲ, ಫೋನಿನಿಂದ ತಲೆ ಎತ್ತುವುದಿಲ್ಲ, ಹಿರಿಯರು ಕೇಳಿದ್ದಕ್ಕೆ ಒಂದಕ್ಷರದ ಉತ್ತರ ಕೊಡುತ್ತಾರೆ. ಇಂಥವರ ಕೈಗೆ ದೇಶ ಹೋದರೆ ಮುಳುಗಿತೆಂದೇ ಲೆಕ್ಕ. ಎರಡನೆಯ ಕಪ್ಪು ಮುಗಿಯುವ ಹೊತ್ತಿಗೆ ದೇಶ ಮುಳುಗಿರುತ್ತದೆ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಮುಳುಗುವುದು ಎಂದರೇನೆಂದು ಬಾಗಲಕೋಟೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಓಣಿಗಳು ನಿಜವಾಗಿಯೇ ಮುಳುಗಿದವು. ನಾವು ಪಾತ್ರೆ ಪಗಡ ಕಟ್ಟಿಕೊಂಡು ನವನಗರಕ್ಕೆ ಬಂದು ಸೆಕ್ಟರಿನ ನಂಬರು ಬಾಯಿಪಾಠ ಮಾಡಿದೆವು. ಅಷ್ಟರಮಟ್ಟಿಗೆ ನಾನು ಈ ವಿಷಯದಲ್ಲಿ ಅನುಭವಿ. ನಮ್ಮಜ್ಜನ ಪ್ರಕಾರ ದೇಶ ಸಿನಿಮಾದಿಂದ ಮುಳುಗಬೇಕಿತ್ತು, ನಮ್ಮಪ್ಪನ ಪ್ರಕಾರ ಟೀವಿಯಿಂದ. ಅಣ್ಣ ಆ ಕೆಲಸವನ್ನು ಫೋನಿಗೆ ಒಪ್ಪಿಸಿದ್ದಾನೆ. ಹಾಗೆಂದು ನಗಬಹುದೇನೋ. ಆದರೆ ಫೋನಿನಲ್ಲಿ ಯಾರೋ ಯಾರನ್ನೋ ಜಾತಿ ಹಿಡಿದು ಬೈಯುವುದನ್ನು ಓದಿದ ರಾತ್ರಿ ನನಗೂ ನಿದ್ದೆ ಬರುವುದಿಲ್ಲ. ಬೈದವನ ಫೋಟೋ ನೋಡಿದರೆ ಇನ್ನೂ ಮೀಸೆ ಮೂಡದ ಮುಖ ಇರುತ್ತದೆ. ಆಗ ಅಣ್ಣ ಹೇಳುವುದು ಸರಿಯೆನ್ನಿಸುತ್ತದೆ.

ಅಣ್ಣನ ಮಗಳು ಅಕ್ಷತಾ ಈ ಸಭೆಯಲ್ಲಿ ಯಾವಾಗಲೂ ಇರುತ್ತಾಳೆ, ಫೋನು ಹಿಡಿದುಕೊಂಡು. ಡಿಗ್ರಿ ಮುಗಿಸಿ ಅಪ್ಪನ ಅಂಗಡಿಯ ಸೀರೆಗಳನ್ನು ಫೋನಿನಲ್ಲೇ ದೂರದೂರಿಗೆ ಮಾರುತ್ತಾಳೆ. ಅದು ವ್ಯಾಪಾರವೆಂದು ಅಣ್ಣ ಸುಮ್ಮನಿದ್ದ. ಅವಳ ಇನ್ನೊಂದು ಕೆಲಸ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಓಣಿಯ ಹೆಂಗಸರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ‘ನಳ ಬಂತೇನ್ರಿ’ ಎಂಬ ಗುಂಪು ಕಟ್ಟಿದ್ದಳು. ಯಾರ ಮನೆಯಲ್ಲಿ ಮೊದಲು ನೀರು ಬರುತ್ತದೋ ಅವರು ಉಳಿದವರಿಗೆ ತಿಳಿಸಬೇಕು. ನೀರಿನಿಂದ ಶುರುವಾದದ್ದು ಚರಂಡಿಗೆ ಹೋಯಿತು, ಬೀದಿದೀಪಕ್ಕೆ ಹೋಯಿತು, ಒಬ್ಬ ಮುದುಕಿಯ ಪಿಂಚಣಿಗೂ ಹೋಯಿತು. ಹುಡುಗಿ ಕಚೇರಿಯಿಂದ ಕಚೇರಿಗೆ ತಿರುಗಿದಳು. ನಾವು ಅವಳು ಗೆಳತಿಯರ ಮನೆಗೆ ಹೋಗಿದ್ದಾಳೆಂದುಕೊಂಡೆವು.

ಆ ಭಾನುವಾರ ಅಣ್ಣ ಎಂದಿನಂತೆ ಹೇಳಿದ. “ಛಲೋ ಮಂದಿ, ಕಲತ ಮಂದಿ ರಾಜಕೀಯಕ್ಕ ಬರೂದಿಲ್ಲ. ಅದಕ್ಕ ದೇಶ ಹಿಂಗಾಗೇತಿ.”

ಅಕ್ಷತಾ ಫೋನು ಮಗ್ಗುಲಿಗಿಟ್ಟಳು. “ಹಂಗಾರ ಈ ಸಲ ನಗರಸಭೆಗೆ ನಾ ನಿಂದರ್ತೇನಿ ಅಪ್ಪಾ. ಸೂಚಕ ಅಂತ ನೀ ಸಹಿ ಮಾಡು.”

ಚುನಾವಣೆ ಹತ್ತಿರವಿತ್ತು. ನಾಮಪತ್ರಕ್ಕೆ ಅದೇ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕಂತೆ. ಇದನ್ನು ಅವಳೇ ವಿವರಿಸಿದಳು, ಏಕೆಂದರೆ ದೇಶದ ಬಗ್ಗೆ ಎಲ್ಲ ಬಲ್ಲ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಅಣ್ಣ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಕಾಕಾ ಮಾತ್ರ ತಟ್ಟೆಯಲ್ಲಿ ಚಹಾ ಆರಿಸಿಕೊಳ್ಳುತ್ತ ಹೇಳಿದರು. “ಯಾಕಲೇ, ಇಷ್ಟ ವರ್ಷ ದೇಶ ದೇಶ ಅಂದಿ. ಈಗ ಮನಿತನಕ ಬಂದೈತಿ, ಕುಂದ್ರು ಅನ್ನಲಾ.”

ಅಣ್ಣ ಕುಂದ್ರು ಅನ್ನಲಿಲ್ಲ. ವ್ಯಾಪಾರಕ್ಕೆ ಎಲ್ಲರೂ ಬೇಕು, ನಾಳೆ ಎದುರು ನಿಂತವರು ಅಂಗಡಿ ಮೆಟ್ಟಿಲು ಹತ್ತುತ್ತಾರೆಯೇ ಎಂದ. ಈ ಸಲ ಬೇಡ, ಸ್ವಲ್ಪ ಅನುಭವ ಬರಲಿ ಎಂದ. ನಾನು ಮಧ್ಯೆ ಬಾಯಿ ಹಾಕಿ ಸೋದರಸೊಸೆಯ ಪರವಾಗಿ ಮಾತಾಡಿದೆನೆಂದು ನನ್ನ ನೆನಪು. ಅಕ್ಷತಾಳ ನೆನಪಿನ ಪ್ರಕಾರ ನಾನು ‘ಮುಂದಿನ ಸಲ ನೋಡೂಣಲ್ಲ’ ಎಂದಿದ್ದೇನೆ. ಅವಳಿಗೆ ಇಪ್ಪತ್ತಮೂರು, ನನಗೆ ಅರವತ್ತರ ಹತ್ತಿರ. ಇಂಥ ತಕರಾರಿನಲ್ಲಿ ನಾನೇ ನ್ಯಾಯಾಧೀಶೆಯಾದರೂ ಅವಳ ನೆನಪೇ ಗೆಲ್ಲಬೇಕೆಂದು ತೀರ್ಪು ಕೊಟ್ಟೇನು.

ಇದೇ ಅಣ್ಣ ಬಂದ ನೆಂಟರನ್ನೆಲ್ಲ ಕೂಡಲಸಂಗಮಕ್ಕೆ ಕರೆದುಕೊಂಡು ಹೋಗುತ್ತಾನೆ. ಶರಣರ ಅನುಭವ ಮಂಟಪದಲ್ಲಿ ಹೆಂಗಸರೂ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದರೆಂದು ನದಿಯ ದಂಡೆಯಲ್ಲಿ ಕಣ್ಣು ತುಂಬಿಕೊಂಡು ಹೇಳುತ್ತಾನೆ. ಆ ಹೆಂಗಸರ ಅಪ್ಪಂದಿರು ಮನೆಯಲ್ಲಿ ಏನು ಹೇಳಿದ್ದರೋ, ಅದನ್ನು ಯಾರೂ ಬರೆದಿಟ್ಟಂತಿಲ್ಲ. ಬಾದಾಮಿಯ ಕಥೆ ಬರೆದಿಟ್ಟಿದೆ. ಚಾಲುಕ್ಯರಲ್ಲಿ ಒಬ್ಬ ರಾಜ ತೀರಿಕೊಂಡಾಗ ಮಗ ಚಿಕ್ಕವನೆಂದು ರಾಜನ ತಮ್ಮನೇ ಸಿಂಹಾಸನ ನೋಡಿಕೊಂಡ. ಹುಡುಗ ದೊಡ್ಡವನಾದ, ಚಿಕ್ಕಪ್ಪನ ಕಣ್ಣಿಗೆ ಮಾತ್ರ ಆಗಲಿಲ್ಲ. ಕೊನೆಗೆ ಹುಡುಗ ಕಾದಾಡಿ ಕಿತ್ತುಕೊಳ್ಳಬೇಕಾಯಿತು, ಹಾಗೆ ಕಿತ್ತುಕೊಂಡವನೇ ಆ ವಂಶದ ಬಹುದೊಡ್ಡ ರಾಜನೂ ಆದ. ಗುಹೆ ನೋಡಲು ಹೋದವರು ಶಿಲ್ಪ ನೋಡುತ್ತಾರೆ, ನನಗೆ ಆ ಚಿಕ್ಕಪ್ಪನದೇ ಯೋಚನೆ. ಅವನೂ ಸಂಜೆಯ ಹೊತ್ತು ಕೆರೆಯ ಮೆಟ್ಟಿಲ ಮೇಲೆ ಕೂತು, ಈಗಿನ ಹುಡುಗರಿಗೆ ಜವಾಬ್ದಾರಿಯೇ ಇಲ್ಲ ಎಂದು ಗೊಣಗಿರಬೇಕು.

ಅಡುಗೆಮನೆಯಲ್ಲಿ ವೈನಿಯ ಹೆದರಿಕೆ ಬೇರೆಯದೇ ಇತ್ತು. ಅವಳು ದೇಶದ ಗೋಜಿಗೆ ಹೋಗಲಿಲ್ಲ. ಹಿಟ್ಟಿನ ಕೈ ತೊಳೆಯುತ್ತ ಮೆಲ್ಲಗೆ ಹೇಳಿದಳು. “ಗ್ವಾಡಿಗೆ ಫೋಟೋ ಅಂಟಿಸ್ತಾರ, ಫೋನಿನ್ಯಾಗ ಬಾಯಿಗೆ ಬಂದಂಗ ಬೈತಾರ. ಮಂದಿ ಮಗಳಿಗೆ ಬೈದಾಗ ಓದಿ ಬಿಟ್ಟೇವಿ. ನಮ್ಮ ಹುಡುಗಿಗೆ ಬೈದದ್ದ ಹೆಂಗ ಓದೂದು?”

ನಿದ್ದೆಗೆಡಿಸುವ ಆ ಮೀಸೆ ಮೂಡದ ಮುಖಗಳು ನಾಳೆ ಅಕ್ಷತಾಳ ಹೆಸರು ಹಿಡಿದು ಬರೆಯಬಹುದು. ಅಂಥವರಿಗೆ ಹೆದರಿ ಇಂಥವಳನ್ನು ಒಳಗಿಟ್ಟುಕೊಂಡರೆ ಊರು ಅವರದೇ ಆಗುತ್ತದೆ. ಇದು ನನಗೆ ತಿಳಿಯುತ್ತದೆ, ಬಾಗಲಕೋಟೆಯ ನನ್ನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ವೈನಿಯ ಎದುರು ಮಾತ್ರ ಅದನ್ನು ಹೇಳದೆ, ತೊಳೆದಿಟ್ಟ ತಟ್ಟೆಗಳನ್ನು ಒರೆಸತೊಡಗಿದೆ.

ಸಹಿಗೆ ಓಣಿಯಲ್ಲಿ ಬೇರೆ ಯಾರಾದರೂ ಸಿಗುತ್ತಾರಲ್ಲ ಎಂದು ಅಕ್ಷತಾಳನ್ನು ಕೇಳಿದೆ. ಕಾಕಾ ಆಗಲೇ ಪೆನ್ನು ತೆಗೆದಿದ್ದರಂತೆ. ಅವಳು ಬೇಡವೆಂದಿದ್ದಳು.

“ಅಪ್ಪಂದ ಆಗಬೇಕ ಅತ್ತಿ,” ಎಂದಳು. “ನನ್ನ ಮನಿಯವ್ರ ನನ್ನ ಹೆಸರ ಬರಿಯಾಕ ಅಂಜಿದ್ರ, ಮಂದಿ ಮನಿಗೆ ಹೋಗಿ ಏನಂತ ಓಟ ಕೇಳ್ಲಿ? ಆಂವ ಮಾಡ್ಲಿಲ್ಲಂದ್ರ ನಾ ನಿಂದ್ರೂದಿಲ್ಲ.”

ಸಂಜೆ ಅಣ್ಣ ನನ್ನನ್ನು ಸ್ಕೂಟರಿನ ಮೇಲೆ ಬಸ್‌ಸ್ಟ್ಯಾಂಡಿಗೆ ತಂದು ಬಿಟ್ಟ. ಹುನಗುಂದದ ಮೇಲೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ನೀನು ಹೇಳಿದರೆ ಕೇಳುತ್ತಾಳೆ, ಸ್ವಲ್ಪ ಬುದ್ಧಿ ಹೇಳು ಎಂದ. ಓಣಿಯ ಹೆಂಗಸರೆಲ್ಲ ಅವಳ ಹಿಂದಿದ್ದಾರಂತೆ, ನನಗೇ ಗೊತ್ತಿರಲಿಲ್ಲ ಎಂದ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಬೇರೆ ಏನೋ ಇತ್ತು. ಅದೇನೆಂದು ತಿಳಿಯದೆ ನಾನು ಒಂದು ಪ್ರಶ್ನೆ ಕೇಳಿದೆ. ಅಷ್ಟರಲ್ಲಿ ಬಸ್ಸು ಬಂತು. ಅಣ್ಣ ನನ್ನ ಚೀಲ ಎತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು, ಬಿಸಿಲಿನ ಬದಿಗೆ ಕೂಡಬೇಡವೆಂದು ಹೇಳಿ ಇಳಿದುಹೋದ.

ಆಮೇಲೂ ದಿನಾ ಫೋನು ಮಾಡುತ್ತಾನೆ. ನೂಲಿನ ದರ, ನನ್ನ ಮೊಣಕಾಲು, ವೈನಿಯ ಬಿಪಿ, ಎಲ್ಲ ಮಾತಾಡುತ್ತೇವೆ. ದೇಶದ ಸುದ್ದಿ ಮಾತ್ರ ಎತ್ತುವುದಿಲ್ಲ. ನಾಮಪತ್ರಕ್ಕೆ ಇನ್ನು ಕೆಲವೇ ದಿನ ಉಳಿದಿವೆ. ಅಕ್ಷತಾ ಕಾಯುತ್ತಿದ್ದಾಳೆ, ನಾನೂ ಕಾಯುತ್ತಿದ್ದೇನೆ. ಅಣ್ಣನಿಂದ ಇನ್ನೂ ಉತ್ತರ ಬಂದಿಲ್ಲ. ನಾನು ಕೇಳಿದ್ದಾದರೂ ಇಷ್ಟೇ.

“ಖರೆ ಹೇಳ ಅಣ್ಣಾ, ಆಕಿ ಸೋಲ್ತಾಳಂತ ಅಂಜೀಯೋ, ಗೆಲ್ತಾಳಂತ ಅಂಜೀಯೋ?”