ಒಣ ಬಟ್ಟೆ, ಎಣ್ಣೆ ಬಟ್ಟೆ

ನನ್ನ ಹೊಲಿಗೆ ಅಂಗಡಿಯ ಎದುರಿಗೆ, ಬೀದಿಯ ಆ ಬದಿಯಲ್ಲಿ, ಕಿವಿಯಣ್ಣನ ಸೈಕಲ್ ಅಂಗಡಿ. ಅವನ ಕಿವಿ ದೊಡ್ಡದೇನಲ್ಲ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸಿ, ಕಣ್ಣು ಮುಚ್ಚಿ ಕಿವಿ ಕೊಡುತ್ತಾನೆ. ಬ್ರೇಕಿನ ರಬ್ಬರು ರಿಮ್ಮಿಗೆ ಕೂದಲೆಳೆಯಷ್ಟು ತಾಗಿದರೂ ಅವನಿಗೆ ಗೊತ್ತಾಗುತ್ತದೆ. ಮನುಷ್ಯರು ಹೇಳಿದ್ದು ಮಾತ್ರ ಒಂದೇ ಸಲಕ್ಕೆ ಅವನಿಗೆ ಕೇಳಿಸಿದ್ದನ್ನು ನಾನು ಕಾಣೆ. ಮೂವತ್ತು ವರ್ಷದಿಂದ ಎದುರುಬದುರು ಕೂತಿದ್ದೇವೆ, ಇಷ್ಟು ಹೇಳುವ ಹಕ್ಕು ನನಗಿದೆ.

ಅವನ ಅಂಗಡಿಯ ಮೊಳೆಗೆ ಯಾವಾಗಲೂ ಎರಡು ಬಟ್ಟೆ ನೇತಾಡುತ್ತಿರುತ್ತವೆ. ಎರಡೂ ನಾನು ಕೊಟ್ಟ ತುಂಡುಗಳೇ. ಒಂದು ಎಣ್ಣೆ ಬಟ್ಟೆ, ಇನ್ನೊಂದು ಒಣ ಬಟ್ಟೆ. ರಿಪೇರಿ ಮುಗಿದ ಮೇಲೆ ಸೈಕಲ್ಲಿನ ಮೈಯನ್ನೆಲ್ಲ, ಚಕ್ರದ ನಡುವಿನ ಹಬ್ಬನ್ನೂ ಸೇರಿಸಿ, ಎಣ್ಣೆ ಬಟ್ಟೆಯಿಂದ ಒರೆಸುತ್ತಾನೆ. ರಿಮ್ಮಿಗೆ ಮಾತ್ರ ಒಣ ಬಟ್ಟೆ. ರಿಮ್ಮಿಗೆ ಎಣ್ಣೆ ತಾಗಿದರೆ ರಬ್ಬರು ಹಿಡಿಯುವುದಿಲ್ಲ, ಬ್ರೇಕು ಇದ್ದೂ ಇಲ್ಲದಂತೆ. ಇದನ್ನು ಅವನು ಬಂದವರಿಗೆಲ್ಲ ಹೇಳುತ್ತಾನೆ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ.

ಹೆಂಡತಿ ಇದ್ದಷ್ಟು ದಿನ ಅವನ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅಪ್ಪನಿಗೆ ಹೇಳಬೇಕಾದ್ದನ್ನು ಮಗಳು ಅಮ್ಮನಿಗೆ ಹೇಳುತ್ತಿದ್ದಳು, ಮಗಳಿಗೆ ಹೇಳಬೇಕಾದ್ದನ್ನು ಅಪ್ಪನೂ ಹೆಂಡತಿಗೇ ಹೇಳುತ್ತಿದ್ದ. ಒಂಬತ್ತು ವರ್ಷದ ಹಿಂದೆ ಆಕೆ ತೀರಿಹೋದಳು. ಅಪ್ಪ ಮಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ಕೊನೆಗೆ ಮಗಳು ಗುಡ್ಡದ ಮೇಲೆ ಒಂದು ರೂಮು ಬಾಡಿಗೆಗೆ ಹಿಡಿದಳು. ಕೆಲಸ ಗುಡ್ಡದ ಬುಡದ ಆಸ್ಪತ್ರೆಯ ಲ್ಯಾಬಿನಲ್ಲಿ. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಇಳಿಜಾರು ಇಳಿದು ಹೋಗುತ್ತಿದ್ದಳು. ಅಷ್ಟು ಇಳಿದರೆ ಬ್ರೇಕಿನ ರಬ್ಬರು ಸವೆಯದೆ ಇರುತ್ತದೆಯೇ? ಎರಡು ವಾರಕ್ಕೊಮ್ಮೆ, ಭಾನುವಾರ ಹತ್ತು ಗಂಟೆಗೆ, ಅಪ್ಪನ ಅಂಗಡಿಗೆ ಬರುತ್ತಿದ್ದಳು.

"ಹಿಂದಿನ ಬ್ರೇಕ್ ಸಡಿಲ ಆಗಿದೆ ಅಪ್ಪ."

"ಇಳಿಜಾರಲ್ಲಿ ಹಿಡ್ಕೊಂಡೇ ಬರ್ತೀಯಾ?"

"ಹಿಡ್ಕೊಳ್ದೆ ಏನು ಮಾಡ್ಲಿ?"

"ಬಿಟ್ಟು ಬಿಟ್ಟು ಹಿಡಿ."

ಇಷ್ಟೇ ಮಾತು. ಆದರೂ ಅರ್ಧ ಗಂಟೆ ಅವಳು ಅಂಗಡಿಯ ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು, ಅವನು ತಂತಿ ಬಿಗಿ ಮಾಡುತ್ತ, ಮತ್ತೆ ಸಡಿಲ ಮಾಡುತ್ತ ಹೊತ್ತು ತಳ್ಳುತ್ತಿದ್ದ. ಆ ದಿನ ಅವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಬೆಳಿಗ್ಗೆ ನಾನು ಅಪ್ಪಿತಪ್ಪಿ ಆ ಸ್ಟೂಲಿನ ಮೇಲೆ ಕೂತರೆ ಎಬ್ಬಿಸಿ ಕಳಿಸುತ್ತಿದ್ದ. ಮಗಳ ಸೈಕಲ್ಲಿಗೆ ಅವನು ಹಾಕುತ್ತಿದ್ದದ್ದು ಮೆತ್ತನೆಯ ರಬ್ಬರು. ಮೆತ್ತನೆಯದು ಚೆನ್ನಾಗಿ ಹಿಡಿಯುತ್ತದೆ ಅನ್ನುತ್ತಿದ್ದ. ಬೇಗ ಸವೆಯುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ಆ ರಬ್ಬರು ಸವೆಯದಿದ್ದರೆ ಅವನಿಗೆ ಮಗಳಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಳೆದ ಮಳೆಗಾಲದ ಒಂದು ಭಾನುವಾರ ಅವಳು ಹೊಸ ಸೈಕಲ್ ಹತ್ತಿಕೊಂಡು ಬಂದಳು. ಡಿಸ್ಕ್ ಬ್ರೇಕಿನದು. ರಿಮ್ಮನ್ನು ಹಿಡಿಯುವ ರಬ್ಬರಿಲ್ಲ. ಹಬ್ಬಿನ ಪಕ್ಕದಲ್ಲಿ ಒಂದು ಉಕ್ಕಿನ ತಟ್ಟೆ, ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಸಣ್ಣ ಪ್ಯಾಡುಗಳು.

"ಒದ್ದೆ ರಿಮ್ಮಲ್ಲಿ ಬ್ರೇಕ್ ಹಿಡಿಯಲ್ಲ ಅಪ್ಪ. ಮೊನ್ನೆ ಬಸ್ಸಿನ ಹಿಂದೆ ಹೋಗಿ ನಿಂತೆ. ಒಂದು ಗೇಣು ಉಳಿದಿತ್ತು ಅಷ್ಟೆ."

ಕಿವಿಯಣ್ಣ ಸೈಕಲ್ಲನ್ನು ಎರಡು ಸುತ್ತು ಸುತ್ತಿದ. "ರಿಮ್ ಬ್ರೇಕು ಕಣ್ಣಿಗೆ ಕಾಣುತ್ತೆ. ಒಂದು ಸ್ಪ್ಯಾನರ್ ಇದ್ರೆ ರಸ್ತೆ ಬದೀಲೇ ಸರಿ ಮಾಡ್ಕೋಬಹುದು. ಇದರ ಹೊಟ್ಟೇಲಿ ಏನಿದೆಯೋ ಯಾರಿಗೆ ಗೊತ್ತು? ತೂಕ ಬೇರೆ."

"ತಾನಾಗೇ ಅಡ್ಜಸ್ಟ್ ಆಗುತ್ತಂತೆ ಅಪ್ಪ. ತಿಂಗಳುಗಟ್ಟಲೆ ಮುಟ್ಟೋದೇ ಬೇಡವಂತೆ."

ಅವಳು ಅದನ್ನು ಖುಷಿಯಿಂದಲೇ ಹೇಳಿದಳು. ಅವನ ಮುಖ ಇಳಿದದ್ದನ್ನು ಅವಳು ನೋಡಲಿಲ್ಲ. ಎದುರಿಗೆ ಗುಂಡಿ ಹೊಲಿಯುತ್ತಿದ್ದ ನಾನು ನೋಡಿದೆ.

ಮಾಡುವುದಕ್ಕೆ ಕೆಲಸವೇ ಇಲ್ಲದ ಸೈಕಲ್ಲು. ಹಾಗಂತ ಮಗಳನ್ನು ಐದು ನಿಮಿಷದಲ್ಲಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಬಟ್ಟೆ ತೆಗೆದುಕೊಂಡು ಒರೆಸಲು ಕೂತ. ಮೂವತ್ತು ವರ್ಷದ ಕೈ, ತನ್ನ ಪಾಡಿಗೆ ತಾನು ಓಡಿತು. ರಿಮ್ಮಿಗೆ ಒಣ ಬಟ್ಟೆ. ಉಳಿದದ್ದಕ್ಕೆಲ್ಲ ಎಣ್ಣೆ ಬಟ್ಟೆ. ಹಬ್ಬಿಗೆ, ಹಬ್ಬಿನ ಪಕ್ಕದ ಹೊಳೆಯುವ ತಟ್ಟೆಗೆ ಇನ್ನಷ್ಟು ಮುತುವರ್ಜಿಯಿಂದ, ಎರಡೆರಡು ಸಲ. ಬಾಯಿಪಾಠ ಮಾಡಿಕೊಂಡ ನನಗೂ ಆಗ ಹೊಳೆಯಲಿಲ್ಲ.

ಆಮೇಲೆ ಮೂರು ಭಾನುವಾರ ಅವಳು ಬರಲಿಲ್ಲ. ಅವಳು ಬರುವ ವಾರ ಅಲ್ಲದಿದ್ದರೂ ಬಿಡದೆ, ಅವನು ಮೂರೂ ಭಾನುವಾರ ಸ್ಟೂಲು ಒರೆಸಿ ಇಟ್ಟ. ಯಾರದೋ ಚಕ್ರ ತಿರುಗಿಸಿ, ಅದು ನಿಂತ ಮೇಲೂ ಕಿವಿ ಕೊಟ್ಟುಕೊಂಡೇ ಕೂತಿರುತ್ತಿದ್ದ. ನೋಡಿ ನೋಡಿ ನನಗೆ ರೇಗಿತು.

"ಒಂದು ಫೋನ್ ಮಾಡೋ ಮಾರಾಯ."

"ಮಾಡಿ ಏನಂತ ಕೇಳ್ಲಿ? ಆ ಬ್ರೇಕು ಹಾಳಾಗೋದೇ ಇಲ್ಲವಲ್ಲ."

ನಾಲ್ಕನೆಯ ಭಾನುವಾರ ಅವನು ಚಹಾ ಕುಡಿಯಲು ಹೋಗಿದ್ದಾಗ ಅವಳು ಬಂದಳು. ಬಂದದ್ದು ನನ್ನ ಅಂಗಡಿಗೆ. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರು, ಬಲಗೈಯಲ್ಲಿ ಸೈಕಲ್ ತಳ್ಳಿಕೊಂಡು, ಹೆಗಲಿಗೆ ಚೀಲ. ಚೀಲದಿಂದ ಲ್ಯಾಬಿನ ಬಿಳಿ ಕೋಟು ತೆಗೆದಳು.

"ಮಾವ, ರಜೆ ಮುಗೀತು, ನಾಳೆಯಿಂದ ಕೆಲಸ. ಈ ತೋಳಿನ ಹೊಲಿಗೆ ಬಿಚ್ಚಿಕೊಡಿ. ಪ್ಲಾಸ್ಟರ್ ಮೇಲೆ ಹೋಗ್ತಿಲ್ಲ."

ಏನಾಯಿತು ಅಂತ ನಾನು ಕೇಳಿದ್ದಕ್ಕೆ ಹೇಳಿದಳು. ಅಪ್ಪ ಒರೆಸಿಕೊಟ್ಟ ಮರುದಿನವೇ ಇಳಿಜಾರಿನಲ್ಲಿ ಬ್ರೇಕು ಕಿರುಚಿತು, ಹಿಡಿಯಲಿಲ್ಲ. ತಿರುವಿನಲ್ಲಿ ಗೋಡೆಗೆ ಗುದ್ದಿದಳು. ಶೋರೂಮಿನ ಮೆಕ್ಯಾನಿಕ್ ಪ್ಯಾಡು ಬಿಚ್ಚಿ ನೋಡಿ, ಎಣ್ಣೆ ಕುಡಿದಿದೆ, ಡಿಸ್ಕಿಗೆ ಯಾರು ಎಣ್ಣೆ ಹಚ್ಚಿದ್ದು ಅಂತ ಕೇಳಿದನಂತೆ. ಹೊಸ ಪ್ಯಾಡು ಹಾಕಿಸಿ, ಟೈರಿಗೆ ಗಾಳಿಯನ್ನೂ ತುಂಬಿಸಿಕೊಂಡು ಈಗ ನೇರ ಅಲ್ಲಿಂದಲೇ ಬಂದಿದ್ದಳು.

"ಅಪ್ಪನಿಗೆ ಹೇಳಬೇಡಿ ಮಾವ. ಬದುಕೋದಿಲ್ಲ ಅವರು."

ಅಷ್ಟರಲ್ಲಿ ಕಿವಿಯಣ್ಣ ಬಂದೇಬಿಟ್ಟ. ಪ್ಲಾಸ್ಟರು ನೋಡಿದ.

"ಮರಳಲ್ಲಿ ಜಾರಿದೆ," ಅಂದಳು ಅವಳು.

"ಬ್ರೇಕು?"

"ಬ್ರೇಕು ಚೆನ್ನಾಗೇ ಇದೆ."

ಅವನು ನನ್ನ ಅಂಗಡಿಯ ಮೆಟ್ಟಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಚಕ್ರ ಎತ್ತಿ ತಿರುಗಿಸಿ, ಕಣ್ಣು ಮುಚ್ಚಿದ. ಎಷ್ಟೋ ಹೊತ್ತಾಯಿತು. ಆಮೇಲೆ ಬಗ್ಗಿ ಪ್ಯಾಡು ನೋಡಿದ.

"ಹೊಸದು ಹಾಕಿದಾರೆ. ಒಂದು ತಿಂಗಳಲ್ಲಿ ಪ್ಯಾಡು ಯಾಕೆ ಬದಲಾಯಿಸ್ತಾರೆ?"

ಅವನು ತಟ್ಟೆಯನ್ನು ನೋಡಿದ, ತನ್ನ ಕೈ ನೋಡಿಕೊಂಡ, ಬೀದಿಯಾಚೆ ಮೊಳೆಯಲ್ಲಿ ನೇತಾಡುತ್ತಿದ್ದ ಬಟ್ಟೆ ನೋಡಿದ.

"ನಾನೇ," ಅಂದ. "ನನ್ನ ಕೈಯಾರೆ. ಡಿಸ್ಕಿಗೆ ಒಣ ಬಟ್ಟೆ ಹಾಕ್ಬೇಕಿತ್ತು. ಇದರಲ್ಲಿ ಈ ತಟ್ಟೇನೇ ರಿಮ್ಮು. ಪ್ಯಾಡು ಹಿಡಿಯೋದೇ ಅದನ್ನ. ಅಷ್ಟು ಹೊಳೀಲಿಲ್ಲ ನಂಗೆ. ಆ ಎಣ್ಣೆ ಪ್ಯಾಡಿಗೆ ಇಳಿದು..."

"ಬ್ರೇಕಿನ ಮಾತು ಸಾಕಪ್ಪ!" ಅವಳ ದನಿ ಒಡೆಯಿತು. "ಕೈ ಮುರ್ಕೊಂಡು ಬಂದಿದೀನಿ. ಒಂಬತ್ತು ವರ್ಷದಿಂದ ಬರೀ ಬ್ರೇಕು, ಬ್ರೇಕು. ಬೇರೆ ಏನಾದ್ರೂ ಕೇಳು ನನ್ನ."

ನಾನು ಕೋಟಿನ ತೋಳು ಬಿಚ್ಚುತ್ತಿದ್ದ ಕತ್ತರಿ ಕೆಳಗಿಟ್ಟೆ. ನೋವಿದೆಯಾ ಅಂತ ಕೇಳೋ, ಒಂಟಿ ಕೈಯಲ್ಲಿ ಅಡುಗೆ ಹೇಗೆ ಮಾಡ್ಕೋತೀಯಾ ಅಂತ ಕೇಳೋ, ವಾಸಿ ಆಗೋತನಕ ಮನೆಗೆ ಬಾ ಅನ್ನೋ ಅಂತ ಅವನ ಕಿವಿ ಹಿಂಡಿ ಹೇಳಿಕೊಡೋಣ ಅನಿಸಿತು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಇಷ್ಟು ವರ್ಷದಲ್ಲಿ ಅಷ್ಟು ಕಷ್ಟಪಟ್ಟದ್ದನ್ನು ನಾನು ನೋಡಿಲ್ಲ.

"ಪುಟ್ಟೀ," ಅಂದ ಕೊನೆಗೆ. "ಟೈರಲ್ಲಿ... ಗಾಳಿ ಇದೆಯಾ?"

ಅವಳು ಅವನನ್ನೇ ನೋಡುತ್ತ ನಿಂತಳು. ಇನ್ನೇನು ಸೈಕಲ್ ತಳ್ಳಿಕೊಂಡು ಹೊರಟೇಬಿಡುತ್ತಾಳೆ ಅಂದುಕೊಂಡೆ. ಹೊರಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಸ್ವಲ್ಪ ಕಡಿಮೆ ಆದ ಹಾಗಿದೆ ಅಪ್ಪ. ನೋಡು."

ಅವನು ಹೆಬ್ಬೆರಳಿನಿಂದ ಟೈರು ಒತ್ತಿದ. ಟೈರು ಕಲ್ಲಿನ ಹಾಗೆ ಗಟ್ಟಿ ಇತ್ತು.

"ಹೌದು, ಕಡಿಮೆ ಇದೆ," ಅಂದ.

ಪಂಪು ತರಲು ಬೀದಿ ದಾಟಿ ಹೋದ. ಅದು ಅವನ ಅಂಗಡಿಯ ಬಾಗಿಲ ಹಿಂದೆಯೇ ಇರುತ್ತದೆ, ಕೈ ಚಾಚಿದರೆ ಸಿಗುತ್ತದೆ. ಅವನು ಆ ಬಾಗಿಲ ಹಿಂದಿನಿಂದ ಬಹಳ ಹೊತ್ತು ಈಚೆಗೆ ಬರಲಿಲ್ಲ. ಅವಳು ಕಾಯುತ್ತ ಕೂತಿದ್ದಳು.