ಅಮಾವಾಸ್ಯೆಯ ದಿನ ಸರಿಯಾಗಿ ಓಡಿದ ಕಂಪ್ಯೂಟರ್

ಕಳೆದ ವಾರ ಕಂಪ್ಯೂಟರಿನ ಧೂಳು ತೆಗೆಯುತ್ತಿದ್ದಾಗ, ನಾನು ಎಂದೂ ಬಿಚ್ಚದ ಬಲಬದಿಯ ತಗಡನ್ನೂ ಬಿಚ್ಚಿದೆ. ಅದರ ಒಳಮೈಯಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕಪ್ಪಾಗಿಹೋದ ಕುಂಕುಮದ ಬೊಟ್ಟು. ಈ ಯಂತ್ರದ ಒಳಗಿನದನ್ನೆಲ್ಲ ನಾನೇ ಒಂದೊಂದಾಗಿ ಬದಲಿಸಿದ್ದೇನೆ. ಮೊದಲಿನಿಂದ ಉಳಿದಿರುವುದು ಪೆಟ್ಟಿಗೆ ಮಾತ್ರ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೊಟ್ಟು ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು. ಬಿಸಿ ಧೂಳಿನ ಜೊತೆ ಊದುಬತ್ತಿ ಸೇರಿದ ಆ ರಿಪೇರಿ ಅಂಗಡಿಯ ವಾಸನೆ ನೆನಪಿಗೆ ಬಂತು. ಆಮೇಲೆ ಆತ...

ಆತನ ಅಂಗಡಿ ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇತ್ತು. ನಮ್ಮೂರಿನ ವಿದ್ಯುತ್ ಮಗ್ಗದ ಮನೆಗಳಲ್ಲಿ ಸೀರೆಯ ಅಂಚು, ಸೆರಗಿನ ಡಿಸೈನ್ ಬಿಡಿಸಲು ಇಟ್ಟುಕೊಂಡಿದ್ದ ಕಂಪ್ಯೂಟರುಗಳನ್ನು ರಿಪೇರಿ ಮಾಡುವುದು ಆತನ ಕೆಲಸ. ಅಪ್ಪ ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದರು. ನಾನು ಏನೆಂದೂ ಕರೆಯುತ್ತಿರಲಿಲ್ಲ. ಬಾಯಿಂದ ಊದಿ ಧೂಳು ಹಾರಿಸುವ, ಯಾವ ರೋಗ ಬಂದರೂ ‘ಫಾರ್ಮ್ಯಾಟ್ ಹೊಡ್ದ್ಬುಡಾಣ’ ಎನ್ನುವ, ಶುಕ್ರವಾರ ಪೂಜೆ ಮಾಡದೆ ಯಾವ ಯಂತ್ರವನ್ನೂ ಹೊರಗೆ ಕಳಿಸದ ಮನುಷ್ಯನನ್ನು ಡಾಕ್ಟರ್ ಎಂದು ಕರೆಯುವುದು ನನಗೆ ಸಾಧ್ಯವಿರಲಿಲ್ಲ. ಹೊಟ್ಟೆಯ ಮೇಲೆ ಸ್ಕ್ರೂಗಳನ್ನು ಹರಡಿಕೊಂಡು ಕುರ್ಚಿಯಲ್ಲಿ ಒರಗಿ ಕೆಲಸ ಮಾಡುತ್ತಿದ್ದ. ಎದ್ದು ನಿಂತಾಗ ಒಂದೆರಡು ಕೆಳಗೆ ಬೀಳುತ್ತಿದ್ದವು. ಹುಡುಕುತ್ತಿರಲಿಲ್ಲ.

ಆಗ ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದೆ. ಅಪ್ಪ ತಮ್ಮ ಮಗ್ಗಗಳ ಡಿಸೈನ್ ಕೆಲಸವನ್ನು ಹೊರಗೆ ಕೊಡತೊಡಗಿದ ಮೇಲೆ ಅವರ ಹಳೆಯ ಕಂಪ್ಯೂಟರ್ ನನ್ನ ಕೋಣೆಗೆ ಬಂದಿತ್ತು. ಅದರಲ್ಲಿ ನಾನು ಆಟ ಆಡುತ್ತಿದ್ದೆ. ಐವರ ಎರಡು ತಂಡಗಳು ಇಂಟರ್‌ನೆಟ್‌ನಲ್ಲಿ ಎದುರುಬದುರಾಗಿ ಬಂದೂಕು ಹಿಡಿದು ಆಡುವ ಆಟ. ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ತಂಡದ ಉಳಿದ ನಾಲ್ವರಿಗೆ ನಾನು ಹೆಣ್ಣೆಂಬುದೂ ಗೊತ್ತಿರಲಿಲ್ಲ. ನನಗೊಂದು ಅಡ್ಡಹೆಸರಿತ್ತು, ಮೈಕ್ ಬಳಸುತ್ತಿರಲಿಲ್ಲ, ಹೇಳುವುದನ್ನೆಲ್ಲ ಬರೆದು ಹೇಳುತ್ತಿದ್ದೆ. ನನ್ನ ಗುರಿ ತಪ್ಪುವುದು ಕಡಿಮೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸೇರಿಸಿಕೊಂಡಿದ್ದರು. ಯಾರ ಮಗಳು, ಯಾವ ಊರು ಎಂದು ಕೇಳದೆ ನನಗೆ ಸಿಕ್ಕ ಜಾಗ ಅದೊಂದೇ.

ಆ ಜಾಗ ಕೈತಪ್ಪುವುದರಲ್ಲಿತ್ತು. ಆಟದಲ್ಲಿ ಎಲ್ಲರೂ ಒಮ್ಮೆಲೇ ನುಗ್ಗಿ ಹೊಗೆ ತುಂಬಿಕೊಂಡಾಗ ನನ್ನ ಪರದೆಯ ಚಿತ್ರ ನಿಂತುಬಿಡುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ತಂಡದ ನಾಯಕ ಕೊನೆಗೆ ಬರೆದ: “ಮುಂದಿನ್ ಸಂಡೇ ಮ್ಯಾಚಲ್ಲೂ ಹಿಂಗೇ ಆದ್ರೆ ಬೇರೆಯವ್ರನ್ನ ತಗೋತೀವಿ ಗುರು. ಬೇಜಾರ್ ಮಾಡ್ಕೋಬೇಡ.”

ಯಂತ್ರಕ್ಕೆ ಏನು ಬೇಕೆಂದು ನಾನು ಆಗಲೇ ಎರಡು ವಾರ ಓದಿಕೊಂಡಿದ್ದೆ. ಹೆಚ್ಚಿನ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ, ಒಂದು ಗ್ರಾಫಿಕ್ಸ್ ಕಾರ್ಡ್, ಆ ಕಾರ್ಡಿಗೆ ಸಾಲುವಷ್ಟು ವಿದ್ಯುತ್ ಕೊಡುವ ಹೊಸ ಪವರ್ ಸಪ್ಲೈ. ಪೆಟ್ಟಿಗೆಯೊಳಗೆ ಸ್ಕೇಲ್ ಇಟ್ಟು ಅಳೆದು, ಕಾರ್ಡಿನ ಉದ್ದ ಎಷ್ಟಕ್ಕಿಂತ ಹೆಚ್ಚಿರಬಾರದು ಎಂಬುದನ್ನೂ ಬರೆದೆ. ಅಪ್ಪನಿಗೆ ಪ್ರಾಜೆಕ್ಟ್ ಕೆಲಸಕ್ಕೆ ಕಂಪ್ಯೂಟರ್ ನಿಧಾನವಾಗಿದೆ ಎಂದು ಹೇಳಿದೆ. ಅವರು ಯಂತ್ರವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಅಂಗಡಿಗೆ ಹೊರಟರು.

ಆತ ನನ್ನ ಚೀಟಿಯನ್ನು ಓದಿ, ಅದರ ಮೇಲೆ ಟೀ ಲೋಟ ಇಟ್ಟ.

“ಏನಣ್ಣಾ, ಪಾಪ ಮದುವೆ ಸಾಮಾನಿನ ಪಟ್ಟಿ ಬರ್ಕೊಂಡ್ ಬಂದಂಗೈತೆ?”

ನಮ್ಮ ಕಡೆ ಹೆಣ್ಣುಮಗುವನ್ನು ಪಾಪ ಎನ್ನುತ್ತಾರೆ. ನನಗೆ ಇಪ್ಪತ್ತೆರಡು ವರ್ಷವಾಗಿತ್ತು.

“ಅವ್ಳು ಓದ್ಕೊಂಡವ್ಳೆ ಡಾಕ್ಟ್ರೇ, ಬರೆದಂಗೆ ಹಾಕ್ಕೊಡಿ” ಎಂದರು ಅಪ್ಪ.

“ಓದ್ಲಿ, ಬ್ಯಾಡ ಅಂದೋರ್ಯಾರು? ಓದ್ಕೊಂಡು ಅಡುಗೆ ಮಾಡಿದ್ರೆ ಉಪ್ಪು ನೋಡೋರು ಯಾರಣ್ಣ? ಪವರ್ ಸಪ್ಲೈ ಇರೋದೇ ಸಾಕು. ಇದು ಗಟ್ಟಿ ಮಾಲು, ಹಳೇ ಕಾಲದ್ದು.”

“ಪವರ್ ಸಪ್ಲೈ ಬದಲಿಸಲೇಬೇಕು” ಎಂದೆ.

ಆತ ಅಪ್ಪನ ಕಡೆ ನೋಡಿ ನಕ್ಕ. ನಾನು ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತೆ. ಅವರಿಬ್ಬರೂ ಒಳಗೆ ಇನ್ನಷ್ಟು ಹೊತ್ತು ಮಾತಾಡುತ್ತಿದ್ದರು.

ಶುಕ್ರವಾರ ಸಂಜೆ ಯಂತ್ರ ತರಲು ನಾನೊಬ್ಬಳೇ ಆಟೋದಲ್ಲಿ ಹೋದೆ. ಆತ ಎಲ್ಲವನ್ನೂ ತನ್ನಿಷ್ಟದಂತೆ ಮಾಡಿದ್ದ. ಮುಚ್ಚಿಹೋದ ಯಾವುದೋ ಸೈಬರ್ ಸೆಂಟರಿನಿಂದ ತಂದ ಕಾರ್ಡ್ ನಾನು ಬರೆದ ಅಳತೆಗಿಂತ ಉದ್ದವಿತ್ತು. ಅದು ಹಿಡಿಸಲೆಂದು ಹಾರ್ಡ್ ಡಿಸ್ಕ್ ಕೂರುವ ತಗಡನ್ನು ಇಕ್ಕಳದಿಂದ ತಿರುಚಿ ಮಡಿಸಿದ್ದ. ನಾನು ಕೇಳಿರದ ಎರಡು ಫ್ಯಾನ್‌ಗಳು ಕೆಂಪು, ನೀಲಿ, ಹಸಿರು ದೀಪ ಬಿಡುತ್ತ ತಿರುಗುತ್ತಿದ್ದವು, ಗಣಪತಿ ಪೆಂಡಾಲಿನಂತೆ. ಒಳಗೆ ಬಗ್ಗಿ ನೋಡಿದೆ.

“ಪವರ್ ಸಪ್ಲೈ ಹಳೇದೇ ಇದೆ” ಎಂದೆ.

“ಅದ್ರ ಬದ್ಲು ಲೈಟ್ ಹಾಕಿವ್ನಿ, ಹೆಂಗೈತೆ ಲುಕ್ಕು?” ಎಂದ ಆತ ಊದುಬತ್ತಿ ಬೆಳಗುತ್ತ. “ಕೇಳಿಲ್ಲಿ ಪಾಪ, ಮಗ್ಗ ಓಡೋವಾಗ ದೊಡ್ಡ ಆಟ ಆಡ್ಬ್ಯಾಡ. ಮಗ್ಗ ಎಳ್ಕೊಂಡು ಕರೆಂಟ್ ಬೀಳ್ತದೆ.” ಆಮೇಲೆ ದನಿ ತಗ್ಗಿಸಿದ. “ಪ್ರಾಜೆಕ್ಟಿಗೆ ಇಂಥಾ ಕಾರ್ಡ್ ಯಾರೂ ಕೇಳಲ್ಲ ಬುಡು. ಅಪ್ಪಂಗೆ ಹೇಳಕಿಲ್ಲ ನಾನು.”

ಅಷ್ಟು ಹೇಳಿ ಕಣ್ಣು ಮಿಟುಕಿಸಿದ. ನನ್ನ ಮುಖ ಬಿಸಿಯಾಯಿತು. ನನಗೂ ಈ ಮನುಷ್ಯನಿಗೂ ನಡುವೆ ಒಂದು ಗುಟ್ಟು ಇದೆ ಎಂಬುದೇ ಹೇಸಿಗೆ ಹುಟ್ಟಿಸಿತು. ಆತ ಹೇಳಿದ ಉಳಿದ ಮಾತುಗಳು ನನ್ನ ಕಿವಿಗೆ ಬಿದ್ದಿದ್ದವು, ಆದರೆ ನಾನು ಅವಕ್ಕೆ ಬೆಲೆ ಕೊಡಲಿಲ್ಲ.

ಶನಿವಾರ ಬೆಳಗ್ಗೆಯಿಂದ ಸಂಜೆಯವರೆಗೆ ಯಂತ್ರವನ್ನು ಪರೀಕ್ಷಿಸಿದೆ. ಆಟವನ್ನು ಅತಿ ಭಾರದ ಚಿತ್ರಮಟ್ಟಕ್ಕೆ ಏರಿಸಿ ಒಂದೇ ಸಮನೆ ಆಡಿದೆ. ಶಾಖ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಎಂದು ಅರ್ಧ ಗಂಟೆಗೊಮ್ಮೆ ಬರೆದಿಟ್ಟೆ. ಒಂದು ಸಲವೂ ತಡವರಿಸಲಿಲ್ಲ. ಹೊಗೆಯೊಳಗಿಂದ ಎದುರಾಳಿ ಹೊರಬರುವುದನ್ನು ಮೊದಲ ಬಾರಿಗೆ ಪೂರ್ತಿ ಕಂಡೆ. ಎಷ್ಟೋ ದಿನ ಮಂಜುಗಣ್ಣಿನಲ್ಲಿ ಇದ್ದವಳಿಗೆ ಕನ್ನಡಕ ಸಿಕ್ಕಂತಾಯಿತು. ಹಳೆಯ ಪವರ್ ಸಪ್ಲೈ ಹೇಗೋ ತಡೆದುಕೊಂಡಿದೆ, ಇನ್ನು ಕರೆಂಟ್ ಬೀಳುತ್ತದೆ ಎಂದದ್ದು ಆತನ ಅಜ್ಞಾನ ಎಂದು ತೀರ್ಮಾನಿಸಿದೆ. ನಾಯಕನಿಗೆ ಬರೆದೆ: ಸಮಸ್ಯೆ ಬಗೆಹರಿದಿದೆ, ನಾಳೆ ಇರುತ್ತೇನೆ.

ಆ ಶನಿವಾರ ಅಮಾವಾಸ್ಯೆ. ನಮ್ಮಂಥ ಮಗ್ಗದ ಮನೆಗಳಿಗೆ ಭಾನುವಾರ ರಜೆಯಿಲ್ಲ; ರಜೆ ಅಮಾವಾಸ್ಯೆಗೆ. ಅಂದು ನಮ್ಮ ಮನೆಯ ಹಿಂದಿನ ಆರು ಮಗ್ಗಗಳೂ ನಿಂತಿದ್ದವು, ಬೀದಿಯ ಎಲ್ಲ ಮಗ್ಗಗಳೂ ನಿಂತಿದ್ದವು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವಳು ನಾನು. ತಿಂಗಳಿಗೊಮ್ಮೆ ಅದು ನಿಲ್ಲುತ್ತದೆ ಎಂಬುದು ನನ್ನ ಮೈಗೇ ಗೊತ್ತಿತ್ತು. ಮಾದರಿ ಆಯ್ಕೆಯಲ್ಲಿ ಆಗುವ ದೋಷಗಳ ಬಗ್ಗೆ ಆ ತಿಂಗಳಷ್ಟೇ ಸೆಮಿನಾರ್ ಕೊಟ್ಟಿದ್ದೆ. ಆದರೂ ಇಡೀ ತಿಂಗಳಲ್ಲಿ ಕರೆಂಟ್ ಬೀಳದ ಒಂದೇ ದಿನವನ್ನು ಪರೀಕ್ಷೆಗೆ ಆರಿಸಿಕೊಂಡಿದ್ದೆ.

ಭಾನುವಾರ ಹತ್ತಕ್ಕೆ ಆಟ ಶುರುವಾಯಿತು. ಮೊದಲ ಸುತ್ತಿನಲ್ಲಿ ಇಬ್ಬರನ್ನು ಹೊಡೆದೆ. ಎರಡನೆಯ ಸುತ್ತಿನಲ್ಲಿ ಎಲ್ಲರೂ ನುಗ್ಗಿದ ಹೊತ್ತಿಗೆ ಪರದೆ ಕಪ್ಪಾಯಿತು. ಯಂತ್ರ ಪೂರ್ತಿ ಆರಿಹೋಗಿತ್ತು. ಮೇಲೆ ನೋಡಿದರೆ ಟ್ಯೂಬ್‌ಲೈಟ್ ಮಿಣುಕುತ್ತಿತ್ತು, ಗೋಡೆಯಾಚೆ ಆರು ಮಗ್ಗಗಳು ದಡಬಡಿಸುತ್ತಿದ್ದವು. ಕಾರಣ ತಕ್ಷಣ ಹೊಳೆಯಿತು. ಮಗ್ಗಗಳ ಮೋಟಾರುಗಳು ಎಳೆದು ಕುಗ್ಗಿಸಿದ ಕರೆಂಟು ಹಳೆಯ ಯಂತ್ರಕ್ಕೆ ಸಾಕಾಗುತ್ತಿತ್ತು. ಹೊಸ ಕಾರ್ಡಿಗೆ ಸಾಲುತ್ತಿರಲಿಲ್ಲ. ಒಳ್ಳೆಯ ಪವರ್ ಸಪ್ಲೈ ಇದ್ದಿದ್ದರೆ ತಡೆದುಕೊಳ್ಳುತ್ತಿತ್ತು.

ಯಂತ್ರವನ್ನು ಮತ್ತೆ ಆನ್ ಮಾಡಿ, ಹಿತ್ತಲ ಮಗ್ಗದ ಮನೆಗೆ ಓಡಿದೆ. ಅಲ್ಲಿ ಪಕ್ಕದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕು. ಅಪ್ಪ ಗೋಡೆಯ ಸ್ವಿಚ್ ಬೋರ್ಡಿನ ಹತ್ತಿರ ನಿಂತಿದ್ದರು. ಕೆಲಸದವರು ಮೂವರಿದ್ದರು.

“ಅಪ್ಪಾ, ಒಂದ್ ಗಂಟೆ ಮಗ್ಗ ನಿಲ್ಲಿಸ್ತೀರಾ?”

“ಆ?”

“ಮಗ್ಗ! ಒಂದ್ ಗಂಟೆ!”

“ಯಾಕಮ್ಮಾ?”

ಅವರ ಕೈ ಸ್ವಿಚ್ಚಿನ ಮೇಲೇ ಇತ್ತು. ಕೆಲಸದವರು ನನ್ನತ್ತ ತಿರುಗಿದರು. ಹೇಳಬೇಕಾದದ್ದು ಒಂದೇ ವಾಕ್ಯ. ಅದನ್ನು ನಾಲ್ಕು ಜನರ ಎದುರು ಗಂಟಲು ಹರಿಯುವಂತೆ ಕೂಗಿ ಹೇಳಬೇಕಿತ್ತು. ಆಟ ಆಡ್ತಿದೀನಿ ಅಪ್ಪ, ಸೋತ್ರೆ ನನ್ನ ತೆಗೆದುಹಾಕ್ತಾರೆ...

“ಏನಿಲ್ಲ” ಎಂದು ಕೂಗಿ ವಾಪಸ್ಸು ಬಂದೆ.

ಯಂತ್ರ ಇನ್ನೂ ಎರಡು ಸಲ ಆರಿತು. ತಂಡ ಸೋತಿತು. ಸಂಜೆಯ ಹೊತ್ತಿಗೆ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು. ನಾನು ‘ಸರಿ’ ಎಂದು ಬರೆದು ಹೊರಬಂದೆ.

ಅದಾದ ಮೇಲೆ ಹೊಸ ಪವರ್ ಸಪ್ಲೈ ತರಿಸಿ ನಾನೇ ಹಾಕಿಕೊಂಡೆ. ದೀಪದ ಫ್ಯಾನ್‌ಗಳನ್ನು ಕಿತ್ತೆಸೆದೆ. ಆತನ ಅಂಗಡಿಗೆ ಮತ್ತೆ ಕಾಲಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವಾಗ ರಸ್ತೆಯ ಆ ಬದಿಯಿಂದ “ಪಾಪಾ, ಹೆಂಗ್ ಓಡ್ತೈತೆ?” ಎಂದು ಕೂಗುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ. ಸ್ವಲ್ಪ ಕಾಲ ಕೂಗಿದ, ಆಮೇಲೆ ಕೈ ಎತ್ತುವುದಷ್ಟೇ ಉಳಿಯಿತು, ಆಮೇಲೆ ಅದೂ ಇಲ್ಲ... ನನ್ನ ಜಾಗ ಹೋದದ್ದು ಆತನಿಂದಲೇ ಎಂದು ನಂಬಿದ್ದೆ. ಹಾಗೆ ನಂಬುವುದರಲ್ಲಿ ಒಂದು ಸುಖವೂ ಇತ್ತು.

ಆತ ತೀರಿಕೊಂಡು ಎರಡು ವರ್ಷವಾಯಿತು. ಮಲಗಿದ್ದು ನಾಲ್ಕೇ ದಿನವಂತೆ. ಅಪ್ಪ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ ಜಗಲಿಯ ಮೇಲೆ ಕೂತಿದ್ದರು. ನಾನು ಕಾಫಿ ಕೊಟ್ಟೆ. ಅಂದು ಅವರು ಆ ಮಾತು ತೆಗೆದರು.

“ನಿನ್ ಆಟದ ವಿಷ್ಯ ನಂಗೆ ಹೇಳಿದ್ದು ಅವ್ನೇ ಕಣಮ್ಮ. ಚೀಟಿ ಕೊಟ್ವಲ್ಲ, ಅವತ್ತೇ. ನೀನು ಗಾಡಿ ಹತ್ರ ನಿಂತಿದ್ದೆ. ‘ಅಣ್ಣ, ಇದು ಓದೋಕಲ್ಲ, ಆಟಕ್ಕೆ. ಬಯ್ಯಾಕೆ ಹೋಗ್ಬ್ಯಾಡ, ಕೊಡ್ಸು’ ಅಂದ.”

ಅಪ್ಪನಿಗೆ ಹೇಳುವುದಿಲ್ಲ ಎಂದು ಆತ ನನಗೆ ಮಾತು ಕೊಡುವ ಮೊದಲೇ ಹೇಳಿಯಾಗಿತ್ತು.

“ಗೊತ್ತಿದ್ರೆ ನನ್ನ ಯಾಕೆ ಕೇಳ್ಲಿಲ್ಲ ನೀವು?” ಎಂದೆ.

“ಕೇಳಿದ್ನಲ್ಲಮ್ಮ, ಮಗ್ಗದ ಮನೇಲಿ. ಯಾಕೆ ಅಂತ ಕೇಳ್ದೆ. ಏನಿಲ್ಲ ಅಂದ್ಬುಟ್ಟೆ ನೀನು.”

ಅವರು ಲೋಟ ಕೆಳಗಿಟ್ಟು ಒಳಗೆ ಹೋದರು.

ಈಗ ಆತನ ಅಂಗಡಿಯಲ್ಲಿ ಯಾರೋ ಮಗ್ಗದ ಬಿಡಿಭಾಗಗಳನ್ನು ತುಂಬಿಟ್ಟಿದ್ದಾರೆ. ಬಾಗಿಲು ತೆರೆಯುವುದೇ ಅಪರೂಪ. ಆತನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಸತ್ತವರನ್ನು ಹೊಗಳುವ ಅಭ್ಯಾಸ ನನಗಿಲ್ಲ. ಒರಟು ಕೆಲಸಗಾರ, ಗಿರಾಕಿ ಕೇಳಿದ್ದನ್ನು ಕೊಡದವನು, ಸುಳ್ಳು ಮಾತು ಕೊಟ್ಟವನು. ಪವರ್ ಸಪ್ಲೈ ವಿಷಯದಲ್ಲಿ ತಪ್ಪಿದ, ಮಗ್ಗದ ವಿಷಯದಲ್ಲಿ ಸರಿಯಿದ್ದ. ಇದನ್ನೆಲ್ಲ ಆತನ ಎದುರಿಗೆ ನಿಂತು ಹೇಳಬೇಕಿತ್ತು. ಹೇಳಿದ್ದರೆ ಜಗಳವಾಗುತ್ತಿತ್ತು, ಆತ ನಗುತ್ತಿದ್ದ, ನಗುತ್ತಲೇ ಅಪ್ಪನಿಗೆ ಎಲ್ಲ ಗೊತ್ತು ಎಂದು ಬಾಯಿ ಬಿಡುತ್ತಿದ್ದನೋ ಏನೋ... ಈಗ ಲೆಕ್ಕ ಹಾಕಿದರೆ, ನಾನು ಆ ಮನುಷ್ಯನಿಗೆ ನೇರವಾಗಿ ಹೇಳಿದ್ದು ಎರಡೇ ಮಾತು. ಎರಡೂ ಪವರ್ ಸಪ್ಲೈ ಬಗ್ಗೆ.